ಇಪ್ಪತ್ತು ಗ್ರಾಂ

ಕಿರಾಣಿ ತಕ್ಕಡಿ, ಬೆಲ್ಲದ ಜಿಗುಟು ಹೋಗಿಲ್ಲ.
ಅದರ ಮೇಲೆ ನಿಲ್ಲದು ಈ ಫೆರೆಟ್ಟು,
ಲಡಿ ಬಿಚ್ಚಿದ ನೂಲು, ಜಾರಿ ನನ್ನ ತೋಳಿಗೆ.
ಐನೂರ ಹತ್ತು ಗ್ರಾಂ.
ಬೆನ್ನೆಲುಬು ಎಣಿಸಬಹುದು.

ಮೊದಲು ಮಂಡಕ್ಕಿ ಕೊಟ್ಟೆ, ಹಾಲಲ್ಲಿ ನೆನೆಸಿ.
ದಾವಣಗೆರೆಯವಳು ನಾನು,
ಉಬ್ಬಿದ್ದೆಲ್ಲ ತೂಗುವುದಿಲ್ಲವೆಂದು ಗೊತ್ತಿದ್ದೂ.
ಬೆಣ್ಣೆದೋಸೆಯ ಚೂರು ಮೂಸಿ ಸೀನಿತು.

‘ಮಾಂಸದ ಜೀವ ಕಣಮ್ಮ ಅದು’ ಅಂದರು ಡಾಕ್ಟರು.
ಕೊರಳ ಲಿಂಗ ಸೆರಗೊಳಗೆ ಸರಿಸಿ
ಖಾಜಾಬಿಯ ಅಂಗಡಿಯಲ್ಲಿ ಕೋಳಿ ಲಿವರ್ ಕೇಳಿದೆ.
ಏನೂ ಕೇಳಲಿಲ್ಲ ಅವಳು,
ಪೊಟ್ಟಣಕ್ಕೆ ಇನ್ನೊಂದು ಪೇಪರು ಸುತ್ತಿದಳು.

ಹಿತ್ತಲಲ್ಲಿ ಬೇರೆ ತಟ್ಟೆ, ದಿನಕ್ಕೆ ನಾಲ್ಕು ಸಲ.
ಮೊಟ್ಟೆಯ ಹಳದಿ ಬೆರಳಿಗೆ ಸವರಿ ಹಿಡಿದರೆ
ನೆಕ್ಕುತ್ತದೆ, ಮರಳುಕಾಗದದ ನಾಲಿಗೆ.
ಅತ್ತೆ ಕಂಡೂ ಕಾಣದಂತೆ
ಬಾಗಿಲು ಓರೆ ಮಾಡುತ್ತಾರೆ.

ಇವತ್ತು ಐನೂರ ಮೂವತ್ತು.
ಇಪ್ಪತ್ತು ಗ್ರಾಂ ಅಂದರೆ
ಎರಡು ಹಿಡಿ ಮಂಡಕ್ಕಿ, ಅಷ್ಟೇ.

ಆದರೆ ಇದು ಕಚ್ಚುತ್ತದೆ.