ಎರಡರಿಂದ ಎಂಟರೊಳಗೆ

ಮೊದಲನೆಯದು ಪೆಟ್ಟಿಗೆಯೇ ಅಲ್ಲ, ನನ್ನ ಹಠ.
ಮೂವತ್ತು ವರ್ಷ ರೈಲುಬೋಗಿಗೆ ಬಾಗಿಲು ಕೂರಿಸಿದ ಬಡಗಿ
ಅಂಗಡಿಯಿಂದ ಐಸ್‌ಬಾಕ್ಸ್ ತರುವುದೆ? ನಾಚಿಕೆಯಾಗಬೇಕು, ಅಂದೆ.
ಮೀನಂಗಡಿಯ ಲೊವೀನಾ ಬಿಸಾಡಿದ ಥರ್ಮೊಕೋಲ್ ಹಲಗೆ
ತೊಳೆದು, ಬಿಸಿಲಿಗಿಟ್ಟು, ಪ್ಲೈವುಡ್ಡಿನ ನಡುವೆ ಒತ್ತಿದೆ.
ಮುಚ್ಚಳ ಹಾಕಿದರೆ ಟಪ್ಪೆಂದು ಎಂಥ ಸದ್ದು!
ಒಂದೂವರೆ ದಿನ. ಅಷ್ಟೇ.
ಮೂಲೆಯಿಂದ ಜಿನುಗಿ ಜಿನುಗಿ ಶೆಡ್ಡಿನ ನೆಲದ ಮೇಲೆ
ಮೀನುವಾಸನೆಯದೊಂದು ಭೂಪಟ.

ಟ್ಯಾಮ್ಸಿನ್ ನಗಲಿಲ್ಲ.
ಒಂಬತ್ತು ವರ್ಷ, ಆಗಲೇ ಲೆಕ್ಕದವಳು:
ಎಷ್ಟು ಚೂರು ಬ್ರೆಡ್ಡು, ಅದಕ್ಕೆಷ್ಟು ಯೂನಿಟ್ಟು, ಎಷ್ಟು ಹೊತ್ತಿಗೆ.
ಶಾಲೆಯ ಶಿಬಿರಕ್ಕೆ ಎರಡು ಸಲ ಬೇಡವೆಂದಿದ್ದಾರೆ,
ಸುಡುಗಾಡು ಬಿಸಿಲು, ಆಸ್ಪತ್ರೆ ದೂರ,
ಮುಂದಿನ ವರ್ಷ ನೋಡೋಣ ಪುಟ್ಟಿ.
ಇನ್ಸುಲಿನ್ನಿನ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು
ದೊಡ್ಡವರಂತೆ ಹೇಳಿದಳು:
"ಕಾದರೂ ಕೆಟ್ಟಿತು, ಹೆಪ್ಪುಗಟ್ಟಿದರೂ ಕೆಟ್ಟಿತು, ತಾತ.
ಎರಡು ಡಿಗ್ರಿಯಿಂದ ಎಂಟು. ಅದರೊಳಗೇ ಇರಬೇಕು."

ಶಾಖಕ್ಕೆ ಬಾಗಿಲು ಬೇಕಿಲ್ಲ, ಸೂಜಿಯ ಕಣ್ಣು ಸಾಕು.
ಎರಡನೆಯದಕ್ಕೆ ಸಂದುಸಂದಿಗೂ ಫೋಮು ತುಂಬಿದೆ,
ಹುಳಿಬಂದ ಹಿಟ್ಟಿನಂತೆ ಉಕ್ಕಿ ನನ್ನ ಹುಬ್ಬಿಗೂ ಅಂಟಿತು;
ಪಕ್ಕದ ಮನೆಯ ಡಲ್ಸಿಯ ಸತ್ತ ಫ್ರಿಜ್ಜಿನಿಂದ
ಬಾಗಿಲಂಚಿನ ರಬ್ಬರು ಸುಲಿದು ತಂದೆ.
ಹಾಲಿನ ಡಬ್ಬಗಳಲ್ಲಿ ಉಪ್ಪುನೀರು ಗಡ್ಡೆ ಕಟ್ಟಿಸಿ ಪೇರಿಸಿದೆ.
ನಾಲ್ಕು ದಿನ ಕರಗಲಿಲ್ಲ, ಡಲ್ಸಿಯನ್ನು ಕರೆದು ತೋರಿಸಿದೆ.
ಪರೀಕ್ಷೆಗೆಂದು ಖಾಲಿ ಸೀಸೆಗೆ ನೀರು ತುಂಬಿ ಇಟ್ಟಿದ್ದಳಲ್ಲ ಹುಡುಗಿ,
ಅದನ್ನು ತೆಗೆದಳು.
ಗಾಜು ಸೀಳಿತ್ತು.

ಆ ರಾತ್ರಿ ಶೆಡ್ಡಿನಲ್ಲೇ ಕೂತಿದ್ದೆ.
ಅಮ್ಮನ ಗೋಣಿಬೀರು ನೆನಪಾಯಿತು, ಮಂಜುಗಡ್ಡೆ ಕಾಣದ ಕಾಲ:
ತಗಡಿನ ತಟ್ಟೆಯಿಂದ ತೊಟ್ಟು ತೊಟ್ಟು ಇಳಿವ ನೀರು,
ಒದ್ದೆ ಗೋಣಿಯ ಮೇಲೆ ವರಾಂಡದ ಗಾಳಿ,
ಒಳಗೆ ಬೆಣ್ಣೆ. ಗಟ್ಟಿಯೂ ಅಲ್ಲ, ನೀರೂ ಅಲ್ಲ,
ಬೆರಳಿಟ್ಟರೆ ಬೆರಳಿನ ಗುರುತು.
ಅವಳೇನೂ ಚಳಿಯನ್ನು ಕೂಡಿಹಾಕಿರಲಿಲ್ಲ.
ಮಧ್ಯದಲ್ಲೆಲ್ಲೋ ನಿಲ್ಲಿಸಿದ್ದಳು.

ಬೆಳಗ್ಗೆ ಎದ್ದು ಮಧ್ಯಕ್ಕೊಂದು ಗೂಡು ಕಟ್ಟಿದೆ,
ಗಡ್ಡೆಗೆ ತಾಗದ ಹಾಗೆ, ಗೋಡೆಗೂ ತಾಗದ ಹಾಗೆ.
ಅದರೊಳಗೆ, ಸೀಸೆಗಳಿಗೆ ಹೊದಿಸಲು,
ಮೆರ್ಲ್ ಹೆಣೆದುಕೊಟ್ಟ ಉಣ್ಣೆಯ ಕಾಲುಚೀಲ,
ಎಡಗಾಲಿನದು. ಬಲದ್ದನ್ನು ಅವಳಿರುವಾಗಲೇ ಕಳೆದಿದ್ದೆ,
ಬೈಸಿಕೊಂಡಿದ್ದೆ.

ಅಕ್ಟೋಬರ್ ರಜೆ. ಫ್ಲಿಂಡರ್ಸ್ ಬೆಟ್ಟಗಳ ಒಣಹಳ್ಳ.
ನೀಲಗಿರಿಯ ನೆರಳೂ ಕಾದಿತ್ತು, ಮೂವತ್ತೆಂಟು.
ಗುಲಾಬಿ ಎದೆಯ ಗಲಾ ಗಿಳಿಗಳು ಕೊಂಬೆ ತುಂಬ ಕೂತು
ನಮ್ಮ ಡೇರೆಯ ಬಗ್ಗೆ ಏನೋ ಆಡಿಕೊಳ್ಳುತ್ತಿದ್ದವು.
ಮುಚ್ಚಳ ತೆರೆಯುವುದು ದಿನಕ್ಕೆ ಎರಡೇ ಸಲ, ಇದು ಅವಳ ಕಾನೂನು.
ನನ್ನ ಬಿಯರು ಒಳಗೆ, ನಾನು ಹೊರಗೆ.
"ಒಂದೇ ಒಂದು, ಹೀಗೆ ತೆಗೆದು ಹಾಗೆ ಮುಚ್ತೀನಿ" ಅಂದರೆ
ಪೆಟ್ಟಿಗೆಯ ಮೇಲೆ ಹತ್ತಿ ಕೂತಳು,
ಪುಸ್ತಕ ಓದುತ್ತ, ಕಾಲಾಡಿಸುತ್ತ.

ನಾಲ್ಕನೆಯ ಬೆಳಗು. ಮೀಟರಿನ ಪುಟ್ಟ ಗಾಜಿನಲ್ಲಿ: ಐದು.
ಇಬ್ಬರೂ ಬಗ್ಗಿ ನೋಡಿದೆವು. ಮತ್ತೊಮ್ಮೆ ನೋಡಿದೆವು.
ಸೂಜಿಗೆ ಎಳೆದುಕೊಂಡಳು, ಅಂಗಿ ಎತ್ತಿ
ಹೊಕ್ಕುಳ ಪಕ್ಕದ ಚರ್ಮ ಚಿವುಟಿ ಹಿಡಿದಳು.
ಇಷ್ಟು ವರ್ಷವಾದರೂ ನಾನು ಆ ಹೊತ್ತಿಗೆ ಬೆಟ್ಟ ನೋಡುತ್ತೇನೆ.

"ಹೊಟ್ಟೆಯೊಳಗೆ ತಣ್ಣಗಾಯ್ತು, ತಾತ."
"ಇರಲಿ," ಅಂದೆ, "ತಣ್ಣಗಿರಲಿ."
ಮುಚ್ಚಳ ಮುಚ್ಚಿದೆ. ಮುಚ್ಚಿದ ಮೇಲೆ ನೆನಪಾಯಿತು,
ಬಿಯರು.