ಒಂಬತ್ತು ಅಗಸಿ

ಸೈದಾಪುರ ದಾಟಿ ಯಾದಗಿರಿ ಕಡೆ ಬರುವಾಗ
ತೊಗರಿ ಹೊಲದ ನಡುವ ನನ್ನ ಗೇಟು.
ಒಂದು ಫೋನು, ಎರಡು ನಿಶಾನಿ, ಒಂದು ಕಂದೀಲು,
ಗ್ವಾಡಿಗೆ ಬಡಿದ ವೇಳಾಪಟ್ಟಿ.
ಅದನ್ನ ಓದಿ ಬರೋ ಗಾಡಿ ಒಂದೂ ಇಲ್ಲ.

ಅವರು ತೀರಿಕೊಂಡ ಮ್ಯಾಲ ಸಿಕ್ಕ ನೌಕರಿ.
ಬರ್ತದ ಅಂದಾಗ ಇಳಸು, ಹೋತು ಅಂದಾಗ ಎತ್ತು.
ಇದಕ್ಕ ಕಲೀಲಾಕ ಏನದ ಅಂದಿದ್ದೆ
ತರಬೇತಿಯ ಸಾಹೇಬರಿಗೆ.

ಗುಂಡೇರಾಯ ಮಾಸ್ತರು ದಿನಾ ಮುಂಜಾನೆ
ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು ನಿಲ್ಲಿಸಿ
ಸಿಮೆಂಟಿನ ಗಾಡಿ ಹೋಗೋತನಕ
ಏನಾರ ಒಂದು ಹೇಳತಾರ.
ಐವತ್ತೆಂಟು ಡಬ್ಬಿ ಇದ್ದರ ಪೂರಾ ಶ್ಲೋಕ, ಅರ್ಥ ಸಮೇತ.
ಬರೀ ಇಂಜಿನ್ನು ಬಂದರ ಅರ್ಧ ಸಾಲು.
ಹಿಂಗಾಗಿ ನನ್ನ ಜ್ಞಾನ
ತುಂಡು ತುಂಡು.

"ಮೈ ಅಂಬೋದು ಊರು, ತಾಯಮ್ಮ,
ಒಂಬತ್ತು ಅಗಸಿ ಅವ ಅದಕ್ಕ.
ನೀ ಒಂದನ್ನ ಕಾಯ್ತಿ, ಪಗಾರ ತಗೋತಿ.
ಉಳಿದವಕ್ಕ ಯಾರನ್ನ ಇಟ್ಟೀದಿ?"
ಗಾಡಿ ಸಣ್ಣದಿತ್ತು. ಉತ್ತರ ಕೇಳದ ಹೋದರು.

ಬೆರಳ ಮಡಚಿ ಎಣಿಸಿದೆ.
ಕಣ್ಣೆರಡು, ಕಿವಿ ಎರಡು, ಮೂಗಿನವೆರಡು,
ಕೆಳಗಿನ ಎರಡಕ್ಕ ಬಂದಾಗ ಒಬ್ಬಾಕಿನೇ ನಕ್ಕೆ.
ಬಾಯಿ ಬಿಟ್ಟಿದ್ದೆ ಎಣಿಸೋದು.
ಒಂದು ದವಡ್ಯಾಗ ತಂಬಾಕಿತ್ತು,
ಇನ್ನೊಂದರಾಗ ನಮ್ಮ ನೆಗೆಣ್ಣಿ ಇದ್ದಳು.

ಪ್ರತಿ ಗಾಡಿಗೂ ಸ್ಟೇಷನ್ನಿಂದ ಫೋನು ಬರ್ತದ,
ನಂಬರು ಬರಕೋತೀನಿ, ಗೇಟು ಇಳಸತೀನಿ.
ನಡುರಾತ್ರಿ ಒಂದು ಬರ್ತದ
ಫೋನಿಲ್ಲದ, ದೀಪ ಇಲ್ಲದ.
ಕುಬುಸದ ಮನ್ಯಾಗ ಹತ್ತು ಮಂದಿ ಎದುರು
ಆಕಿ ಆಡಿದ ಮಾತು:
"ಗಂಡನ್ನ ತಿಂದು ಪಗಾರ ಉಂಡಾಳ."
ಎರಡು ವರ್ಷ ಆತು.
ಒಂದಿನಾನೂ ಲೇಟಾಗಿಲ್ಲ.

ನಾನೂ ಹತ್ತಿ ಕೂಡತಿದ್ದೆ ಅದನ್ನ.
ಟಿಕೇಟಿಲ್ಲ, ಇಳಿಯೋ ಊರಿಲ್ಲ.
ಬೆಳಕು ಹರಿದಾಗ ನೋಡಿದರ
ಕೂತ ಸ್ಟೂಲಿನ ಮ್ಯಾಲೇ ಕೂತಿರತಿದ್ದೆ,
ಬಾಯಿ ಮಾತ್ರ ದೂರ ತಿರುಗಿ ಬಂದಂಗ ಒಣಗಿ.

"ಮನಸು ಗಾಳಿ ಇದ್ದಂಗ, ಮುಷ್ಟ್ಯಾಗ ಸಿಗೂದಲ್ಲ.
ಅಭ್ಯಾಸದಿಂದ ಹಿಡೀಬೇಕು" ಅಂದರು ಮಾಸ್ತರು.
"ತಂಬಾಕೂ ಅಭ್ಯಾಸನೇ ಅಲ್ಲೇನ್ರಿ?"
ಕಲ್ಲಿದ್ದಲು ತುಂಬಿದ ಗಾಡಿ, ಉದ್ದಕ್ಕುದ್ದ.
ಪೂರಾ ಹೋಗೋತನಕ ಸುಮ್ಮನಿದ್ದರು.
"ಹೌದವ್ವ" ಅಂದರು ಪೆಡಲು ತುಳೀತಾ,
"ಅದಕ್ಕೇ ಆ ಶಬ್ದಕ್ಕ ಹೆದರಬೇಕು."

ಇನ್ನೊಂದು ಮಾತು ಮಾಸ್ತರದಲ್ಲ, ಸಾಹೇಬರು ಕಲಿಸಿದ್ದು:
ಗಾಡಿ ತಡೀಬ್ಯಾಡ, ಅದರ ಬೆನ್ನು ಹತ್ತಬ್ಯಾಡ.
ಹಸಿರು ಹಿಡಕೊಂಡು ದೂರ ನಿಂದರು.
ಕಡೇ ಡಬ್ಬಿಯ ಬೆನ್ನಿನ ಮ್ಯಾಲ
ಕತ್ತರಿ ಗುರುತು ಕಂಡರಷ್ಟೇ
ಪೂರಾ ಹೋತು ಅಂತ ಬರಿ.
ಅಲ್ಲೀತನಕ ಹೋಗಿಲ್ಲ ಅದು.

ಹೋದ ಅಮಾಸಿ ಮಾರನೇ ದಿನ
ಇಳಿಸಿದ ಗೇಟಿನ ಆಚೆ ಒಂದು ಆಟೋ.
ಹೆಸರಿನ ಚೀಲದ ನಡುವ ನೆಗೆಣ್ಣಿ,
ಸೆರಗಿನ ಗಾಳಿ ಬೀಸಿಕೋತ.
ನನ್ನ ನೋಡಿದಳು. ಹಳಿ ನೋಡಿದಳು.
ಗಾಡಿ ಇನ್ನೂ ಬಂದಿರಲಿಲ್ಲ.
ಆಡಲಾಕ ಬೇಕಾದಷ್ಟು ಟೈಮು,
ಓಡಿ ಹೋಗಲಾಕ ಆಕಿಗೆ ದಾರಿ ಇಲ್ಲ.

ಎರಡು ವರ್ಷ ಮಸೆದ ಮಾತು
ನಾಲಗಿ ತುದಿಗೆ ಬಂದು ನಿಂತವು, ಸಾಲು ಸಾಲಾಗಿ.
ಹಲ್ಲು ಕಚ್ಚಿ ಹಸಿರು ನಿಶಾನಿ ಹಿಡಿದೆ.
ಒಂದು, ಎರಡು, ಹದಿನೇಳು, ನಲವತ್ತು,
ಡಬ್ಬಿ ಎಣಿಸಿದೆನೋ, ಮಾತು ಎಣಿಸಿದೆನೋ,
ಧೂಳಿನಾಗ ಕತ್ತರಿ ಗುರುತು ಕಂಡಿತು.
ಗೇಟು ಎತ್ತಿದೆ.
ಆಟೋ ಹೋತು. ಆಕಿ ತಿರುಗಿ ನೋಡಿದಳೋ ಏನೋ,
ನಾ ಪುಸ್ತಕದಾಗ ಟೈಮು ಬರೀತಿದ್ದೆ.

ಬರೆದು ಮುಗಿಸಿ, ಸೊಂಟದ ಗಂಟು ಬಿಚ್ಚಿ
ಅಂಗೈ ತುಂಬ ತಂಬಾಕು ತಿಕ್ಕಿ ಹಾಕ್ಕೊಂಡೆ.
ಹನ್ನೊಂದು ದಿನ ಬಿಟ್ಟಿದ್ದೆ.

ಮರುದಿನ ಮಾಸ್ತರಿಗೆ ಎಲ್ಲಾ ಹೇಳಿದೆ.
ಒಂದು ಇಳಿಸಿದರ ಇನ್ನೊಂದು ಏಳ್ತದಲ್ರಿ,
ಇದು ಗೆದ್ದಂಗೋ ಸೋತಂಗೋ?
ಅವರು ನಗಲಿಲ್ಲ. ಕ್ಯಾನು ಸರಿ ಮಾಡಿ,
ಗಂಟಲು ಸರಿ ಮಾಡಿ, ಬಾಯಿ ತೆರೆದರು.

ಆವತ್ತು ಬಂದದ್ದು ಬರೀ ಇಂಜಿನ್ನು.