ಉಳಿದ ನಾಲ್ಕು

ಮಶಿಶೆಯಿಂದ ಇನ್ಯಂಬಾನೆಗೆ ದೋಣಿಯಲ್ಲಿ
ಇಪ್ಪತ್ತು ನಿಮಿಷ; ಗಾಳಿ ಎದುರಾದರೆ ಇಪ್ಪತ್ತೆಂಟು.
ಫೆಲಿಜಾರ್ದಾ ಅತ್ತೆಯ ಕೈಯಲ್ಲಿ ಗಡಿಯಾರವಿಲ್ಲ,
ಮುಗಿಯದ ಚೀಲ, ತೊಡೆಯ ಮೇಲೆ ಓಲೆಯ ಎಳೆ.
"ದಡ ಎಷ್ಟು ದೂರ?" ಯಾರೋ ಕೇಳುತ್ತಾರೆ.
"ಇನ್ನು ಮೂರು ಸಿಂಹದ ಹೆಜ್ಜೆ."
ಅಷ್ಟಕ್ಕೆ ಸರಿಯಾಗಿ ದೋಣಿ ದಡಕ್ಕೆ ತಾಗುತ್ತದೆ.

ಸಿಂಹದ ಹೆಜ್ಜೆ ಅವಳು ಹೆಣೆಯುವ ಚಿತ್ತಾರ.
ಆರೆಳೆ ಅಗಲ, ಕಂದು, ಬಿಳಿ, ಮತ್ತೆ ಕಂದು.
ಚೀಲದ ಸುತ್ತ ಹೊರಟದ್ದು
ಹೊರಟಲ್ಲಿಗೇ ಬಂದು ಮುಟ್ಟಬೇಕು,
ತನ್ನ ಬಾಲ ತಾನೇ ಕಚ್ಚಿದ ನಾಯಿಯಂತೆ.

ನಾನಾಗ ನಾಲ್ಕನೇ ಕ್ಲಾಸು. ಭಾಗಾಕಾರ
ಗಂಟಲಿಗೆ ಸಿಕ್ಕ ಮೀನಿನ ಮುಳ್ಳು.
ಐವತ್ತೆಂಟನ್ನು ಆರರಿಂದ ಭಾಗಿಸಿದೆ:
ಒಂಬತ್ತು. ಉಳಿದದ್ದು ನಾಲ್ಕು.
ಈ ನಾಲ್ಕನ್ನು ಏನು ಮಾಡಲಿ, ಮೇಷ್ಟ್ರೇ?
"ಬದಿಗೆ ಬರಿ," ಅಂದರು ಮಟ್ಸಿನ್ಯೆ ಮೇಷ್ಟ್ರು.
ಬರೆದೆ. ಒಳಗೇ ಕೇಳಿಕೊಂಡೆ,
ಬದಿ ಅಂದರೆ ಎಲ್ಲಿ?

ಸಂಜೆ ಅತ್ತೆಗೆ ಸವಾಲು ಹಾಕಿದೆ:
ಐವತ್ತೆಂಟು ಎಳೆ ಇಟ್ಟು ಸಿಂಹ ನಡೆಸು ನೋಡೋಣ.
"ಆಗದು ಹುಡುಗಿ. ಕುಂಟುತ್ತದೆ."
ಯುದ್ಧ ಶಾಲೆಯ ತಗಡು ಕಿತ್ತ ವರ್ಷ
ಎರಡನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು,
ಆರರ ಮಗ್ಗಿ ಕೇಳಿದರೆ ಗುಳಿಬಿದ್ದ ಹೆಬ್ಬೆರಳು ತೋರಿಸುತ್ತಾಳೆ.
"ಐವತ್ತನಾಲ್ಕು ಇಡು, ಇಲ್ಲವೇ ಅರವತ್ತು.
ನಡುವಿನದ್ದೆಲ್ಲ ಈರುಳ್ಳಿ ಬುಟ್ಟಿಗೆ."

ಅಡುಗೆಮನೆಯ ಈರುಳ್ಳಿ ಬುಟ್ಟಿ
ಸದಾ ಒಂದು ಮಗ್ಗುಲನ್ನು ಗೋಡೆಗೆ ಒತ್ತಿ ಕೂತಿರುತ್ತಿತ್ತು.
ಅವತ್ತು ತಿರುಗಿಸಿದೆ.
ಒಂಬತ್ತು ಹೆಜ್ಜೆ, ಆಮೇಲೆ ನಾಲ್ಕೇ ಎಳೆ:
ಎತ್ತಿದ ಪಾದ,
ಊರಲು ನೆಲ ಸಿಗದೆ ಹಾಗೇ ನಿಂತದ್ದು.
"ನನ್ನದೇ ಅದು," ಅಂದಳು ಬೆನ್ನ ಹಿಂದಿನಿಂದ.
"ಹದಿನೈದರಲ್ಲಿ. ಎಣಿಸದೆ ಹೊರಟೆ.
ಸಂತೆಯಲ್ಲಿ ಒಬ್ಬರೂ ಮುಟ್ಟಲಿಲ್ಲ."
ಸ್ವಲ್ಪ ಹೊತ್ತು ಬಿಟ್ಟು,
"ಈರುಳ್ಳಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು."

ಈಗ ನಾನು ದೋಣಿಕಟ್ಟೆಯ ಚೀಟಿ ಕಿಟಕಿಯಲ್ಲಿ.
ಫಲಕದ ಮೇಲೆ ಬಿಳಿ ಬಣ್ಣದಲ್ಲಿ: ಐವತ್ತನಾಲ್ಕು ಜನ.
ಸಿಮೆಂಟಿನ ಮೂಟೆ ಒಂದಕ್ಕೆ ಅರ್ಧ ತಲೆ.
ಮಡಿಲ ಮಕ್ಕಳು ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಬೆರಳು ತಾನಾಗಿಯೇ ಆರಾರು ಎಣಿಸುತ್ತದೆ,
ಒಂಬತ್ತು ಹೆಜ್ಜೆ ಆದಕೂಡಲೇ ಹಗ್ಗ ಬಿಚ್ಚಿಸುತ್ತೇನೆ.

ನಿನ್ನೆ, ಕೊನೆಯ ದೋಣಿ. ಕಟ್ಟೆಯ ಮೇಲೆ ಉಳಿದವರು:
ಮೀನಿನ ತೊಟ್ಟಿಯ ಹೆಂಗಸು,
ಬೂಟು ಕೈಯಲ್ಲಿ ಹಿಡಿದ ಶಾಲೆ ಹುಡುಗ,
ನಿದ್ದೆಹೋದ ಮುದುಕ, ಮುಷ್ಟಿಯಲ್ಲಿ ಒದ್ದೆ ಚೀಟಿ,
ಹುಂಜ ಬಗಲಲ್ಲಿಟ್ಟ ದರ್ಜಿ.
ಬದಿ ಅಂದರೆ ಇದೇ ಇರಬೇಕು,
ಈ ಉಪ್ಪು ಹತ್ತಿದ ಬೆಂಚು.

ಜೆಫನಿಯಾಸ್‌ನ ಹಾಯಿಗೆ ಕೈ ಬೀಸಿದೆ.
ಅವನ ದೋಣಿಗೆ ಫಲಕವಿಲ್ಲ, ತೇಪೆಗಳಿವೆ.
ನಾಲ್ವರೂ ಒಬ್ಬರ ಮಂಡಿಗೆ ಒಬ್ಬರು ಮಂಡಿ ತಾಗಿಸಿ ಕೂತರು,
ಅಲ್ಲಾಡಿ, ಸರಿಹೋಯಿತು.
ರಿಜಿಸ್ಟರಿನಲ್ಲಿ ಬರೆದೆ: ಐವತ್ತನಾಲ್ಕು.
ಗೆರೆಯಾಚೆ, ಸಣ್ಣದಾಗಿ: ನಾಲ್ಕು.

ನೀರಿನ ನಡುವೆ, ಕತ್ತಲಲ್ಲಿ, ಹುಂಜ ಕೂಗಿತು.
ಅದನ್ನು ನಾನು ಎಣಿಸಿರಲಿಲ್ಲ.